ಒದ್ದೆ, ಒಣ

ನನ್ನ ಕೆಲಸ ಇಷ್ಟೇ: ಯಾರ ಕೂದಲು ಎಷ್ಟು ಒದ್ದೆ ಎಂದು ಬರೆದಿಡುವುದು.
ಲೈಫ್ ಜಾಕೆಟ್ಟಿನ ಯಾವ ಪಟ್ಟಿ ಬಿಚ್ಚಿತ್ತು, ಹುಟ್ಟು ಯಾವ ಕೈಯಲ್ಲಿತ್ತು,
ನೆರಳು ಹಲಗೆಯ ಎಡಕ್ಕೋ, ಬಲಕ್ಕೋ.
ನಾಳೆ ತೆಗೆಯುವುದು ನಿನ್ನೆಯದರ ಪಕ್ಕ ಕೂರಬೇಕು,
ನಡುವೆ ಒಂದು ರಾತ್ರಿ ಇತ್ತೆಂದು ಯಾರಿಗೂ ತಿಳಿಯಬಾರದು.

ಉಮ್ ಅಲ್ ಕುವೈನಿನ ಹಿನ್ನೀರು. ಆಗಸ್ಟ್.
ಬೆಳಗಿನ ಐದಕ್ಕೇ ಗಾಳಿ
ಇನ್ನೊಬ್ಬರ ಬೆವರಿನ ಅಂಗಿಯಂತೆ ಮೈಗಂಟುತ್ತದೆ.
ತಂಪು ವ್ಯಾನಿನಿಂದ ಇಳಿಸಿದೊಡನೆ ಕ್ಯಾಮೆರಾ ಕುರುಡು;
ಮಂಜು ಕರಗುವ ತನಕ ಇಪ್ಪತ್ತು ನಿಮಿಷ
ಸುಲೈಮಾನಿ ಕುಡಿಯುತ್ತ ಎಲ್ಲರೂ ಆ ಗಾಜನ್ನೇ ನೋಡುತ್ತೇವೆ,
ಹೆರಿಗೆ ಕೋಣೆಯ ಹೊರಗೆ ಕೂತ ಗಂಡಂದಿರಂತೆ.

ಚಿತ್ರಕ್ಕೆ ಇನ್ನೂ ಹೆಸರಿಟ್ಟಿಲ್ಲ. ಉದ್ದೇಶ ಗೊತ್ತು:
ಹಲಗೆಯ ಮೇಲೆ ನಿಲ್ಲುವುದು ಹೇಗೆ, ನಗುನಗುತ್ತ, ನಲವತ್ತು ನಿಮಿಷದಲ್ಲಿ.
ಸರಿಯನ್ನು ತೋರಿಸಲು ಎಸ್ಟೋನಿಯಾದ ಕೈಸಾ,
ತಪ್ಪನ್ನು ತೋರಿಸಲು ಗಂಗೊಳ್ಳಿಯ ಮಾಧವ ಖಾರ್ವಿ,
ದಿನಕ್ಕೆ ನಾನ್ನೂರು ದಿರ್ಹಮ್, ಬಿದ್ದರೂ ಬೀಳದಿದ್ದರೂ.

ತೊಂದರೆಯೆಂದರೆ, ಅವನು ಬೀಳುವುದಿಲ್ಲ.
ರಮ್ಝಿ ದಡದಿಂದ ಕೂಗುತ್ತಾನೆ: ‘ನೀರನ್ನೇ ಕಾಣದವನ ಹಾಗೆ ಬೀಳು!’
ಮಾಧವ ತಲೆಯಾಡಿಸುತ್ತಾನೆ, ಕಣ್ಣು ಮುಚ್ಚುತ್ತಾನೆ,
ಕೈ ಚೆಲ್ಲುತ್ತಾನೆ, ಅಯ್ಯೋ ಅನ್ನುತ್ತಾನೆ ಕೂಡ.
ಅಷ್ಟರಲ್ಲಿ ಕಾಲ ಹೆಬ್ಬೆರಳು
ಅವನನ್ನು ಕೇಳದೆ ಹಲಗೆಯನ್ನು ಕಚ್ಚಿಬಿಡುತ್ತದೆ.
ಹದಿನಾಲ್ಕನೆಯ ಸಲ ಬಿದ್ದ,
ಬೀಸುಬಲೆ ಬಿಚ್ಚಿಕೊಂಡಷ್ಟು ಚೆಂದವಾಗಿ.
ಬರೆದೆ: ಪತನ ಹದಿನಾಲ್ಕು. ಕೂದಲು ಒದ್ದೆ. ಸುಳ್ಳು.

ಮೂರನೆಯ ದಿನ ಅವನೆದೆಯ ಪುಟ್ಟ ಮೈಕು ಉಪ್ಪು ಕುಡಿದು ಸತ್ತಿತು.
ಕೋಣೆಯಿಂದ ಒಂದು ಪಾವು ಕುಚ್ಚಲಕ್ಕಿ ತಂದ;
ಡಬ್ಬಿಯಲ್ಲಿ ಹೂತಿಟ್ಟೆವು.
‘ಎದ್ರೆ ಮೈಕು, ಇಲ್ದಿದ್ರೆ ಗಂಜಿ’ ಎಂದ.

ಅದೇ ಸಂಜೆ ದೋಣಿಯ ಖಲ್ಫಾನರನ್ನು ಬಿಸಿಲಿಗೆ ಮುಖಮಾಡಿ ಕೂರಿಸಿ
‘ನಿಮ್ಮಜ್ಜ ಮುತ್ತಿಗೆ ಮುಳುಗುತ್ತಿದ್ದುದನ್ನು ಹೇಳಿ’ ಎಂದ ರಮ್ಝಿ.
‘ನಮ್ಮಜ್ಜ ಹೊಲಿಗೆ ಯಂತ್ರ ಮಾರುತ್ತಿದ್ದ.’
ಕ್ಯಾಮೆರಾ ಆರಿಸಿದರು. ಅವರು ಹೇಳುತ್ತಲೇ ಇದ್ದರು:
ಕಪ್ಪು ಮೈ, ಚಿನ್ನದ ಬಳ್ಳಿ, ತುಳಿದರೆ ಮಳೆಯ ಸದ್ದು.
ಕೇಳಿದವಳು ನಾನೊಬ್ಬಳೇ.

ನಾಲ್ಕನೆಯ ದಿನ:
‘ಮಾಧವ ನಿಲ್ಲುವಲ್ಲಿ ಒಂದು ನಿಮಿಷ ನೀನು ನಿಲ್ಲು. ಬೆಳಕು ನೋಡಬೇಕು.’
ಗದಗಿನವಳು ನಾನು. ನಮ್ಮ ಓಣಿಯಲ್ಲಿ ನೀರೆಂದರೆ
ಹದಿನೈದು ದಿನಕ್ಕೊಮ್ಮೆ ನಲ್ಲಿ, ಮುಂದೆ ಕೊಡಗಳ ಸಾಲು, ಜಗಳ.
ನಾನು ಕಲಿತ ಜಲಕ್ರೀಡೆ ಅದೊಂದೇ.
ಪುಸ್ತಕ ಕಂಕುಳಲ್ಲಿ, ಪೆನ್ನು ಕಿವಿಯ ಮೇಲೆ, ಏರಿದೆ.
ಹಲಗೆ ಒಮ್ಮೆ ನಿಟ್ಟುಸಿರಿಟ್ಟಿತು.

ಆಮೇಲೆ ಹಸಿರು. ಮೂಗಿನೊಳಗೆ ಹಸಿರು.
ಸೊಂಟದಷ್ಟು ನೀರಿನಲ್ಲಿ ನಾನು ಸಾಯುತ್ತಿದ್ದೆ,
ಎರಡೂ ಮುಷ್ಟಿಯಲ್ಲಿ ನೀರನ್ನು ಬಿಗಿಹಿಡಿದು.
ಕಿವಿಯ ಹತ್ತಿರ ಖಾರ್ವಿಯ ದನಿ, ಅವಸರವಿಲ್ಲದ್ದು:
‘ಹೆದ್ರಬೇಡಿ ಅಕ್ಕಾ. ನೀರನ್ನ್ ಹಿಡ್ಕಂಬೂಕ್ ಆತಿಲ್ಲೆ. ಬಿಟ್ಬಿಡಿ.’
ಬಿಟ್ಟೆ.
ಬೆನ್ನಡಿ ಏನೋ ಬಂದು ನಿಂತಿತು. ನೀರೇ ಅದು.

ದಡದಲ್ಲಿ ರಮ್ಝಿ ಕುಣಿಯುತ್ತಿದ್ದ. ಕ್ಯಾಮೆರಾ ಓಡುತ್ತಿತ್ತಂತೆ.
ಚಿತ್ರದಲ್ಲಿ ಈಗ ಮೊದಲ ತಪ್ಪು ನಾನೇ:
ಮೂರು ಸಲ ಬೀಳುತ್ತೇನೆ, ಒಮ್ಮೆ ತೀರಾ ನಿಧಾನ, ಹಿಂದೆ ತುತ್ತೂರಿ.
ಖಾರ್ವಿಯ ತುಟಿಯಾಡುವುದಷ್ಟೇ ಕಾಣುತ್ತದೆ;
ಮೈಕು ಇನ್ನೂ ಅಕ್ಕಿಯಲ್ಲಿತ್ತು.
ಅವನ ಮೇಲೆ ಕೈಸಾಳ ದನಿ ಹೊಂದಿಸಿದ್ದಾರೆ:
ಮಂಡಿ ಬಾಗಿರಲಿ, ದೃಷ್ಟಿ ದೂರವಿರಲಿ.

ಪುಸ್ತಕವನ್ನು ವ್ಯಾನಿನ ಬಾನೆಟ್ ಮೇಲೆ ಒಣಹಾಕಿದೆ.
ನಾಲ್ಕು ದಿನದ ಒದ್ದೆ, ಒಣ ಎಲ್ಲ ಹರಡಿ ಒಂದೇ ನೀಲಿ.
ಉಳಿದೊಂದು ಹಾಳೆಯಲ್ಲಿ ಪೆನ್ಸಿಲ್ ಹಿಡಿದು ಬರೆದೆ:
ಶಾಟ್ ಅರವತ್ತೊಂದು. ಕೂದಲು ಒದ್ದೆ. ಪಟ್ಟಿ ಕಟ್ಟಿರಲಿಲ್ಲ.
ಮುಷ್ಟಿ ಮೊದಲು ಮುಚ್ಚಿತ್ತು, ಆಮೇಲೆ ತೆರೆದಿತ್ತು.
ಹಿಂದಿನದಕ್ಕೆ ಹೊಂದುವುದಿಲ್ಲ.